ಸಂಖ್ಯೆ 51826: ಕಲ್ಪನಾ ಚಾವ್ಲಾ ಹೆಸರಿನ ಕ್ಷುದ್ರಗ್ರಹ ಮತ್ತು ಅದರ ಸುತ್ತಲಿನ ಗೊಂದಲ

ಫೆಬ್ರವರಿ 1 ಹತ್ತಿರ ಬಂತೆಂದರೆ ಮೈಸೂರು, ಮಂಡ್ಯದ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ತರಹದ ಸಂದೇಶಗಳು ಓಡಾಡುತ್ತವೆ. ಕಲ್ಪನಾ ಚಾವ್ಲಾ ಹೆಸರಿನ ಗ್ರಹವೊಂದಿದೆ ಎನ್ನುತ್ತದೆ ಒಂದು. ಗ್ರಹವಲ್ಲ, ನಕ್ಷತ್ರ ಎನ್ನುತ್ತದೆ ಇನ್ನೊಂದು. ನಾಸಾದವರೇ ಹೆಸರಿಟ್ಟರು ಅಂತ ಮತ್ತೊಂದು. ಇದರ ನಡುವೆ ಯಾವುದೋ ಊರಿನ ವಿದ್ಯಾರ್ಥಿ ಕ್ಷುದ್ರಗ್ರಹ ಕಂಡುಹಿಡಿದು ಅದಕ್ಕೆ ತನ್ನದೇ ಹೆಸರಿಡಲಿದ್ದಾನೆ ಎಂಬ ಸುದ್ದಿ ಬರುತ್ತದೆ. ದುಡ್ಡು ಕೊಟ್ಟರೆ ನಿಮ್ಮ ಮಗುವಿನ ಹೆಸರನ್ನು ನಕ್ಷತ್ರಕ್ಕೆ ಇಡುತ್ತೇವೆ ಎಂಬ ಜಾಹೀರಾತೂ ಜೊತೆಗಿರುತ್ತದೆ. ಎಲ್ಲವೂ ಒಂದೇ ತೂಕದ ಮಾತುಗಳಂತೆ ಕಾಣುವುದರಿಂದ ಯಾವುದು ನಿಜ, ಯಾವುದು ಸುಮ್ನೆ ಮಾತು ಅಂತ ತಿಳಿಯದೆ ಜನ ಗೊಂದಲಕ್ಕೆ ಬೀಳುತ್ತಾರೆ.

ಕಲ್ಪನಾ ಚಾವ್ಲಾ ಹೆಸರು ಆಕಾಶದಲ್ಲಿರುವುದು ನಿಜ. ಆದರೆ ಅದು ಗ್ರಹವೂ ಅಲ್ಲ, ನಕ್ಷತ್ರವೂ ಅಲ್ಲ. ಸೂರ್ಯನನ್ನು ಸುತ್ತುವ ಒಂದು ಸಣ್ಣ ಕಲ್ಲು, ಅಂದರೆ ಕ್ಷುದ್ರಗ್ರಹ. ಹೆಸರಿಗೆ ಒಪ್ಪಿಗೆ ಕೊಟ್ಟಿದ್ದು ನಾಸಾನೂ ಅಲ್ಲ.

ಏಳು ಕಲ್ಲು, ಏಳು ಹೆಸರು

2003ರ ಫೆಬ್ರವರಿ 1ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಭೂಮಿಗೆ ಮರಳುವಾಗ ಅಮೆರಿಕದ ಟೆಕ್ಸಸ್ ರಾಜ್ಯದ ಮೇಲೆ ಒಡೆದು ಚೂರಾಯಿತು. ನೆಲ ಮುಟ್ಟಲು ಸುಮಾರು 16 ನಿಮಿಷವಷ್ಟೇ ಬಾಕಿ ಇತ್ತು. ಒಳಗಿದ್ದ ಏಳೂ ಮಂದಿ ತೀರಿಕೊಂಡರು. ಹರಿಯಾಣದ ಕರ್ನಾಲ್‌ನಲ್ಲಿ ಹುಟ್ಟಿದ ಕಲ್ಪನಾ ಅವರಿಗೆ ಅದು ಎರಡನೇ ಯಾನ. ಮೊದಲನೆಯದು 1997ರಲ್ಲಿ.

ಅದೇ ವರ್ಷದ ಆಗಸ್ಟ್‌ನಲ್ಲಿ ಏಳು ಕ್ಷುದ್ರಗ್ರಹಗಳಿಗೆ ಆ ಏಳು ಮಂದಿಯ ಹೆಸರಿಟ್ಟ ಸುದ್ದಿ ಹೊರಬಿತ್ತು. ಸಂಖ್ಯೆ 51823ರಿಂದ 51829ರವರೆಗೆ, ಒಂದರ ಪಕ್ಕ ಒಂದು. ಕಲ್ಪನಾ ಅವರದು 51826. ಈ ಏಳೂ 2001ರ ಜುಲೈನಲ್ಲಿ, ಅಂದರೆ ದುರಂತಕ್ಕೆ ಒಂದೂವರೆ ವರ್ಷ ಮೊದಲೇ ಸಿಕ್ಕಿದ್ದವು. ಕ್ಯಾಲಿಫೋರ್ನಿಯಾದ ಪಾಲೋಮಾರ್ ಬೆಟ್ಟದ ಮೇಲಿನ 1.2 ಮೀಟರ್ ದೂರದರ್ಶಕದಿಂದ ನೀಟ್ ಎಂಬ ಶೋಧ ತಂಡ ಇವನ್ನು ಹಿಡಿದಿತ್ತು. (ನಮ್ಮ ವೈದ್ಯಕೀಯ ಪ್ರವೇಶ ಪರೀಕ್ಷೆಗೂ ಆ ನೀಟ್‌ಗೂ ಸಂಬಂಧವಿಲ್ಲ.) ತಂಡ ಕಟ್ಟಿದ್ದವರು ಖಗೋಳ ವಿಜ್ಞಾನಿ ಎಲೀನರ್ ಹೆಲಿನ್. ಈ ಹೆಸರುಗಳನ್ನು ಸೂಚಿಸಿದ್ದು ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯ, ಒಪ್ಪಿದ್ದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ.

ಆಗ ಅಂದಾಜಿಸಿದಂತೆ ಇವುಗಳ ಅಡ್ಡಳತೆ 5ರಿಂದ 7 ಕಿಲೋಮೀಟರ್. ಹೆಚ್ಚುಕಡಿಮೆ ಶ್ರೀರಂಗಪಟ್ಟಣದ ದ್ವೀಪದ ಉದ್ದ ಅಂದುಕೊಳ್ಳಿ. ಇರುವ ಜಾಗ ಮಂಗಳ ಮತ್ತು ಗುರುವಿನ ನಡುವಿನ ಕ್ಷುದ್ರಗ್ರಹ ಪಟ್ಟಿ. ಈ ಪಟ್ಟಿಯ ಬಹುಭಾಗ ಸೂರ್ಯನಿಂದ ಸುಮಾರು 32 ಕೋಟಿಯಿಂದ 50 ಕೋಟಿ ಕಿಲೋಮೀಟರ್ ದೂರದಲ್ಲಿ ಹರಡಿಕೊಂಡಿದೆ. ಬರಿಗಣ್ಣಿಗೆ 51826 ಕಾಣುವುದಿಲ್ಲ. ಮಕ್ಕಳಿಗೆ ತೆಗೆದುಕೊಡುವ ಪುಟ್ಟ ದೂರದರ್ಶಕಕ್ಕೂ ಎಟುಕುವುದಿಲ್ಲ. ಭೂಮಿಯ ಕಡೆ ಬರುವ ದಾರಿಯೂ ಅದರದಲ್ಲ. ಹಾಗಾಗಿ 'ಕಲ್ಪನಾ ಗ್ರಹ ಇಂದು ರಾತ್ರಿ ಚಾಮುಂಡಿ ಬೆಟ್ಟದ ಮೇಲೆ ಕಾಣಲಿದೆ' ಅಂತ ಯಾರಾದರೂ ಕಳುಹಿಸಿದರೆ ಮುಂದೆ ದಾಟಿಸಬೇಡಿ.

ಮೊದಲು ಗುರುತು, ಆಮೇಲೆ ಸಂಖ್ಯೆ, ಕೊನೆಗೆ ಹೆಸರು

ಗೊಂದಲದ ಬೇರು ಇಲ್ಲೇ ಇದೆ. ನಮ್ಮಲ್ಲಿ ಮಗು ಹುಟ್ಟಿದ ಕೆಲವೇ ದಿನಕ್ಕೆ ನಾಮಕರಣ. ಕ್ಷುದ್ರಗ್ರಹಕ್ಕೆ ಹಾಗಲ್ಲ, ವರ್ಷಗಳೇ ಹಿಡಿಯುತ್ತವೆ. ಬಹುಪಾಲಿಗೆ ಹೆಸರೇ ಸಿಗುವುದಿಲ್ಲ.

ಶೋಧ ನಡೆಯುವುದು ಹೀಗೆ. ಆಕಾಶದ ಒಂದೇ ಭಾಗವನ್ನು ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಮೂರು ನಾಲ್ಕು ಸಲ ಚಿತ್ರ ತೆಗೆಯುತ್ತಾರೆ. ನಕ್ಷತ್ರಗಳು ಇದ್ದಲ್ಲೇ ಇರುತ್ತವೆ. ಒಂದು ಚುಕ್ಕಿ ಮಾತ್ರ ಜರುಗಿದ್ದರೆ ಅದು ಕ್ಷುದ್ರಗ್ರಹ ಇರಬಹುದು. ಆ ಅಳತೆಗಳು ಅಮೆರಿಕದ ಕೇಂಬ್ರಿಜ್‌ನಲ್ಲಿರುವ ಮೈನರ್ ಪ್ಲಾನೆಟ್ ಸೆಂಟರ್‌ಗೆ ಹೋಗುತ್ತವೆ. ಜಗತ್ತಿನ ಯಾವ ಮೂಲೆಯಿಂದ ನೋಡಿದರೂ ಲೆಕ್ಕ ಒಪ್ಪಿಸಬೇಕಾದ ಕಚೇರಿ ಅದೊಂದೇ. ಹೊಸದು ಅನ್ನಿಸಿದರೆ ಅಲ್ಲಿಂದ ಒಂದು ತಾತ್ಕಾಲಿಕ ಗುರುತು ಸಿಗುತ್ತದೆ.

ಆ ಗುರುತನ್ನು ಓದುವುದು ಕಷ್ಟವಲ್ಲ. 2025ರ ಫೆಬ್ರವರಿಯಲ್ಲಿ ಎಲ್ಲರ ಬಾಯಲ್ಲೂ ಇದ್ದ 2024 ವೈಆರ್4 ನೆನಪಿರಬಹುದು. 2032ರ ಡಿಸೆಂಬರ್‌ನಲ್ಲಿ ಭೂಮಿಗೆ ಬಡಿಯುವ ಸಾಧ್ಯತೆ ಶೇ 3ರಷ್ಟಿದೆ ಎಂದು ಸುದ್ದಿಯಾಗಿ, ಕೆಲವೇ ದಿನಗಳಲ್ಲಿ ಆ ಲೆಕ್ಕ ಸೊನ್ನೆಯ ಹತ್ತಿರಕ್ಕೆ ಇಳಿದಿತ್ತು. 2024 ಅಂದರೆ ಕಂಡ ವರ್ಷ. ವರ್ಷದ ಪ್ರತಿ ಅರ್ಧ ತಿಂಗಳಿಗೆ ಒಂದು ಇಂಗ್ಲಿಷ್ ಅಕ್ಷರ. ಜನವರಿಯ ಮೊದಲ ಅರ್ಧಕ್ಕೆ ಎ, ಎರಡನೇ ಅರ್ಧಕ್ಕೆ ಬಿ, ಹೀಗೆ ಹೋಗಿ ಡಿಸೆಂಬರ್‌ನ ಎರಡನೇ ಅರ್ಧಕ್ಕೆ ವೈ. ಒಂದು ಎಂಬ ಅಂಕಿಯ ಜೊತೆ ಗೊಂದಲ ಆಗಬಾರದೆಂದು ಐ ಅಕ್ಷರ ಬಿಟ್ಟಿದ್ದಾರೆ. ಮುಂದಿನ ಆರ್4 ಆ ಅರ್ಧ ತಿಂಗಳಿನ ಸರದಿ. 25 ಅಕ್ಷರಗಳ ಸುತ್ತು ನಾಲ್ಕು ಸಲ ಮುಗಿದು, ಐದನೇ ಸುತ್ತಿನಲ್ಲಿ ಆರ್ ಎಂದರೆ 17ನೆಯದು. ಒಟ್ಟು 117ನೆಯದು. ಗುರುತಿನೊಳಗೇ ದಾಖಲಾತಿಯ ದಿನಚರಿ ಇದೆ.

ಗುರುತು ಸಿಕ್ಕಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಂದೆರಡು ವಾರ ನೋಡಿದ ಕಲ್ಲಿನ ದಾರಿ ಪೂರ್ತಿ ಗೊತ್ತಾಗುವುದಿಲ್ಲ. ಸೂರ್ಯನ ಆಚೆ ಹೋಗಿ ಮರೆಯಾಗಿ, ಮತ್ತೆ ಬಂದಾಗ ಹೇಳಿದ ಜಾಗದಲ್ಲೇ ಸಿಗಬೇಕು. ಸಾಮಾನ್ಯವಾಗಿ ಇಂತಹ ನಾಲ್ಕು ಸುತ್ತಿನ ವೀಕ್ಷಣೆಯಾದರೂ ಬೇಕಾಗುತ್ತದೆ. ಹಳೆಯ ಚಿತ್ರಗಳಲ್ಲಿ ಅದೇ ಕಲ್ಲು ಸಿಕ್ಕರೆ ಕೆಲಸ ಬೇಗ ಆಗುತ್ತದೆ. ಕಕ್ಷೆ ಖಚಿತವಾದ ಮೇಲೆ ಶಾಶ್ವತ ಸಂಖ್ಯೆ. ಸಂಖ್ಯೆ ಬಂದ ಮೇಲಷ್ಟೇ ಹೆಸರಿನ ಮಾತು. ವಿಜ್ಞಾನಿಗಳಿಗೆ ಬೇಕಾದದ್ದು ಸಂಖ್ಯೆ, ನಾಳೆ ಆ ಕಲ್ಲು ಎಲ್ಲಿರುತ್ತದೆ ಎಂಬ ಖಾತರಿ ಅದರಲ್ಲಿದೆ. ಹೆಸರು ಮನುಷ್ಯರ ಆಸೆಗೆ.

ಈವರೆಗೆ ಗೊತ್ತಾಗಿರುವ ಕ್ಷುದ್ರಗ್ರಹಗಳು 14 ಲಕ್ಷ ದಾಟಿವೆ. ಸಂಖ್ಯೆ ಪಡೆದವು 8 ಲಕ್ಷಕ್ಕೂ ಜಾಸ್ತಿ. ಹೆಸರಿರುವುದು ಸುಮಾರು 25 ಸಾವಿರಕ್ಕೆ. ಸಂಖ್ಯೆ ಇರುವ ನೂರರಲ್ಲಿ ಮೂರಕ್ಕೆ ಅಂತ ಇಟ್ಟುಕೊಳ್ಳಿ.

ಹಕ್ಕು ಯಾರದು?

ಮೊದಲ ಹಕ್ಕು ಶೋಧಕರದು. ಸಂಖ್ಯೆ ಬಂದ ಮೇಲೆ ಹತ್ತು ವರ್ಷದೊಳಗೆ ಅವರು ಹೆಸರು ಸೂಚಿಸಬಹುದು. ಒಪ್ಪುವುದು, ಬಿಡುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಮಿತಿಗೆ ಸೇರಿದ್ದು. ಬೇರೆ ಬೇರೆ ದೇಶಗಳ ಖಗೋಳ ವಿಜ್ಞಾನಿಗಳು ಅದರಲ್ಲಿದ್ದಾರೆ. ಹೆಸರು 16 ಅಕ್ಷರ ಮೀರಬಾರದು. ಒಂದೇ ಪದವಾದರೆ ಒಳ್ಳೆಯದು. ಈಗಾಗಲೇ ಇರುವ ಹೆಸರಿನ ಹತ್ತಿರ ಹತ್ತಿರ ಇರಬಾರದು. ವ್ಯಾಪಾರದ ಹೆಸರು ಆಗದು. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವ ವಾಡಿಕೆ ಇಲ್ಲ. ಹೀಗಾಗಿ ಒಂದು ಕ್ಷುದ್ರಗ್ರಹಕ್ಕೆ ಯಾರದೋ ಹೆಸರಿದೆ ಎಂದರೆ ಸಾಮಾನ್ಯವಾಗಿ ಅದನ್ನು ಕಂಡುಹಿಡಿದವರು ಅವರಲ್ಲ.

ಸಾಕುಪ್ರಾಣಿಗಳ ಹೆಸರೂ ಬೇಡ ಅನ್ನುತ್ತಾರೆ. ಇದರ ಹಿಂದೆ ಒಂದು ಬೆಕ್ಕಿದೆ. ಒಬ್ಬ ಖಗೋಳ ವಿಜ್ಞಾನಿ 2309ನೇ ಕ್ಷುದ್ರಗ್ರಹಕ್ಕೆ ತಮ್ಮ ಮನೆಯ ಬೆಕ್ಕು 'ಮಿಸ್ಟರ್ ಸ್ಪಾಕ್' ಹೆಸರಿಟ್ಟರು. ಹೆಸರು ಉಳಿಯಿತು, ಮುಂದಿನ ಬೆಕ್ಕುಗಳಿಗೆ ಬಾಗಿಲು ಮುಚ್ಚಿತು.

ಹತ್ತು ವರ್ಷ ದಾಟಿದರೆ ಶೋಧಕರ ಹಕ್ಕು ಹೋಗುತ್ತದೆ. ಆಗ ಬೇರೆಯವರ ಸೂಚನೆಗೂ ಅವಕಾಶ. 1988ರಲ್ಲಿ ಜಪಾನಿನಿಂದ ಕಂಡ 4538ನೇ ಕ್ಷುದ್ರಗ್ರಹ ವರ್ಷಗಟ್ಟಲೆ ಹೆಸರಿಲ್ಲದೆ ಉಳಿದಿತ್ತು. 2015ರಲ್ಲಿ ಅದಕ್ಕೆ ಚೆಸ್ ಆಟಗಾರ ವಿಶ್ವನಾಥನ್ ಆನಂದ್ ಅವರ ಹೆಸರು ಬಂತು. ಕೆಲವೊಮ್ಮೆ ಸಂಖ್ಯೆಯನ್ನೇ ಹುಡುಕಿ ಹೆಸರಿಡುವುದೂ ಉಂಟು. ಪಂಡಿತ್ ಜಸ್‌ರಾಜ್ ಅವರ ಕ್ಷುದ್ರಗ್ರಹದ ಸಂಖ್ಯೆ 300128. ಎರಡೆರಡು ಅಂಕಿಯಾಗಿ ಹಿಂದುಮುಂದಾಗಿ ಓದಿದರೆ 28-01-30, ಅವರು ಹುಟ್ಟಿದ ದಿನ.

ದೊರೆಯ ಹೆಸರು ಉಳಿಯಲಿಲ್ಲ

ಹೆಸರಿನ ಜಗಳ ಮೈಸೂರಿನವರಿಗೆ ಹೊಸತಲ್ಲ. 2022ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಿಂದ ಮಂಡ್ಯದ ಮೇಲೆ ಮೈಸೂರಿಗೆ ಬರುವ ಟಿಪ್ಪು ಎಕ್ಸ್‌ಪ್ರೆಸ್ ಒಡೆಯರ್ ಎಕ್ಸ್‌ಪ್ರೆಸ್ ಆಯಿತು. ಎಷ್ಟು ಚರ್ಚೆಯಾಯಿತು ಅಂತ ಗೊತ್ತೇ ಇದೆ. 2024ರ ಡಿಸೆಂಬರ್‌ನಲ್ಲಿ ಕೆಆರ್‌ಎಸ್ ರಸ್ತೆಯ ಒಂದು ಭಾಗಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಹೆಸರಿಡುವ ಪ್ರಸ್ತಾವ ಬಂದಾಗ, ಅದು ಮೊದಲಿನಿಂದಲೂ ಪ್ರಿನ್ಸೆಸ್ ರಸ್ತೆ ಎಂದು ಒಂದು ಕಡೆ ವಿರೋಧ, ಆಸ್ಪತ್ರೆಗಳನ್ನು ತಂದವರ ಹೆಸರಿಟ್ಟರೆ ತಪ್ಪೇನು ಎಂದು ಇನ್ನೊಂದು ಕಡೆ ಸಮರ್ಥನೆ.

ಆಕಾಶದಲ್ಲೂ ಇದೇ ಜಗಳ ಇತ್ತು. 1781ರಲ್ಲಿ ಯುರೇನಸ್ ಕಂಡ ವಿಲಿಯಂ ಹರ್ಷೆಲ್ ಅದಕ್ಕೆ ಇಂಗ್ಲೆಂಡಿನ ದೊರೆ ಮೂರನೇ ಜಾರ್ಜ್ ಹೆಸರಿಡಲು ಹೊರಟಿದ್ದರು. 1801ರ ಜನವರಿ 1ರಂದು ಸಿಸಿಲಿಯ ಪಲೆರ್ಮೊದಲ್ಲಿ ಮೊದಲ ಕ್ಷುದ್ರಗ್ರಹ ಕಂಡ ಜುಸೆಪ್ಪೆ ಪಿಯಾಟ್ಸಿ, ಸೆರೆಸ್ ದೇವತೆಯ ಹೆಸರಿಗೆ ತಮ್ಮ ದೊರೆ ಫರ್ಡಿನಾಂಡ್ ಹೆಸರನ್ನೂ ಅಂಟಿಸಿದರು. ಬೇರೆ ದೇಶದವರು ಒಪ್ಪಲಿಲ್ಲ. ಒಬ್ಬರ ದೊರೆ ಇನ್ನೊಬ್ಬರಿಗೆ ಶತ್ರು, ಅಲ್ವಾ? ದೇವತೆ ಉಳಿದಳು, ದೊರೆ ಬಿದ್ದುಹೋದ.

ಈಗಿನ ನಿಯಮ ಇದನ್ನೇ ಕಟ್ಟುನಿಟ್ಟು ಮಾಡಿದೆ. ಮುಖ್ಯವಾಗಿ ರಾಜಕೀಯ ಅಥವಾ ಮಿಲಿಟರಿ ಕೆಲಸದಿಂದ ಹೆಸರಾದವರು ತೀರಿಕೊಂಡು ನೂರು ವರ್ಷ ಆಗುವವರೆಗೆ ಅವರ ಹೆಸರು ಇಡುವಂತಿಲ್ಲ. ಯುದ್ಧಗಳಂತಹ ಘಟನೆಗಳಿಗೂ ಇದೇ ಲೆಕ್ಕ. ಅಧಿಕಾರದಲ್ಲಿರುವವರನ್ನು ಮೆಚ್ಚಿಸಲು ಹೆಸರಿಡುವ ಚಾಳಿ ಇದರಿಂದ ನಿಲ್ಲುತ್ತದೆ. ನೂರು ವರ್ಷ ಕಾದ ಮೇಲೂ ಒಬ್ಬರ ಹೆಸರಿಗೆ ಜಗಳ ಎದ್ದರೆ ಆಮೇಲೆ ನೋಡೋಣ ಎಂಬ ಧೋರಣೆ. ನಮ್ಮ ನಗರ ಪಾಲಿಕೆಗಳಿಗೂ ಇಂಥದ್ದೊಂದು ನಿಯಮ ಇದ್ದಿದ್ದರೆ ಎಷ್ಟೋ ಸಭೆಗಳು ಬೇಗ ಮುಗಿಯುತ್ತಿದ್ದವು.

ಹಾಗಾದರೆ ಸೇನೆಯ ಪೈಲಟ್‌ಗಳು?

ಇಲ್ಲೊಂದು ಒಳ್ಳೆಯ ಪ್ರಶ್ನೆ ಏಳುತ್ತದೆ. ಗಗನಯಾತ್ರಿಗಳಲ್ಲಿ ಅನೇಕರು ಸೇನೆಯವರೇ. ಮಿಲಿಟರಿ ನಿಯಮ ಅವರಿಗೆ ಅಡ್ಡ ಬರಬೇಕಲ್ಲವೇ?

ನಿಯಮದಲ್ಲಿ 'ಮುಖ್ಯವಾಗಿ' ಎನ್ನುವುದೇ ಇಲ್ಲಿ ನಿರ್ಣಾಯಕ. ಒಬ್ಬರು ಯಾವ ಕೆಲಸ ಮಾಡಿದ್ದರು ಎನ್ನುವುದಕ್ಕಿಂತ ಯಾವ ಕೆಲಸದಿಂದ ಜಗತ್ತಿಗೆ ಗೊತ್ತು ಎಂದು ನೋಡುತ್ತಾರೆ. ಯೂರಿ ಗಗಾರಿನ್ ಸೋವಿಯತ್ ವಾಯುಪಡೆಯ ಅಧಿಕಾರಿ. ಆದರೂ 1772ನೇ ಕ್ಷುದ್ರಗ್ರಹ ಅವರದು. ಚಂದ್ರನ ಮೇಲೆ ಮೊದಲು ಮನುಷ್ಯರನ್ನು ಇಳಿಸಿದ ಅಪೊಲೊ 11 ಯಾನದ ಮೂವರಿಗೆ, ಅಂದರೆ ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್ ಅವರಿಗೆ 6469, 6470, 6471. ಇವರಲ್ಲಿ ಆಲ್ಡ್ರಿನ್, ಕಾಲಿನ್ಸ್ ಇಬ್ಬರೂ ವಾಯುಪಡೆಯವರು.

ಗಡಿ ತೆಳ್ಳಗಾಗುವ ಉದಾಹರಣೆಯೂ ಕೊಲಂಬಿಯಾದಲ್ಲೇ ಇದೆ. 51828 ಇಲಾನ್ ರಾಮೋನ್ ಅವರದು. ಅವರು ಇಸ್ರೇಲ್ ವಾಯುಪಡೆಯ ಪೈಲಟ್. 1981ರಲ್ಲಿ ಇರಾಕ್‌ನ ಪರಮಾಣು ರಿಯಾಕ್ಟರ್ ಮೇಲೆ ನಡೆದ ದಾಳಿಯಲ್ಲಿ ವಿಮಾನ ಹಾರಿಸಿದ್ದರು. ದಾಳಿ ಬಿಟ್ಟು ಬಾಹ್ಯಾಕಾಶ ನೋಡಿದರೆ ಹೆಸರು ಸರಿ. ಬಾಹ್ಯಾಕಾಶ ಬಿಟ್ಟು ದಾಳಿ ನೋಡುವವರಿಗೆ ತಕರಾರು ಇರಬಹುದು. ಸಮಿತಿ ಮೊದಲನೆಯದನ್ನು ನೋಡಿತು. ತೀರ್ಮಾನ ಸರಿಯಾಗಿದೆ ಎಂದೇ ಹೇಳಬೇಕು. ಏಳು ಮಂದಿಯಲ್ಲಿ ಒಬ್ಬರನ್ನು ಬಿಟ್ಟು ಆರು ಜನರಿಗೆ ಹೆಸರಿಟ್ಟಿದ್ದರೆ ಅದೇ ದೊಡ್ಡ ರಾಜಕೀಯವಾಗುತ್ತಿತ್ತು. 1986ರ ಚಾಲೆಂಜರ್ ದುರಂತದ ಏಳು ಮಂದಿಗೂ 3350ರಿಂದ 3356ರವರೆಗೆ ಸಾಲಾಗಿ ಹೆಸರಿಟ್ಟ ಪರಿಪಾಠ ಮೊದಲೇ ಇತ್ತು.

ಇನ್ನೊಂದು ವ್ಯತ್ಯಾಸ ಗಮನಿಸಬೇಕು. ಗ್ರಹ, ಚಂದ್ರಗಳ ಮೇಲಿನ ಕುಳಿಗಳಿಗೆ ಬದುಕಿರುವವರ ಹೆಸರು ಸಾಮಾನ್ಯವಾಗಿ ಇಡುವುದಿಲ್ಲ. ತೀರಿಕೊಂಡು ಮೂರು ವರ್ಷವಾದರೂ ಆಗಿರಬೇಕು. ಅಪೊಲೊ ಕಾಲದಲ್ಲಿ ಕೆಲವರಿಗೆ ವಿನಾಯಿತಿ ಸಿಕ್ಕಿತ್ತು. ಕ್ಷುದ್ರಗ್ರಹಕ್ಕೆ ಆ ಷರತ್ತಿಲ್ಲ. ಅದಕ್ಕೇ ಬದುಕಿರುವ ಗಗನಯಾತ್ರಿಗೆ ಆಕಾಶದಲ್ಲಿ ಗೌರವ ಕೊಡಬೇಕೆಂದರೆ ಕ್ಷುದ್ರಗ್ರಹವೇ ಸುಲಭದ ದಾರಿ. ಕಲ್ಪನಾ ಅವರ ಹೆಸರು ಚಂದ್ರನ ಹಿಂಬದಿಯ ಕುಳಿಯೊಂದಕ್ಕೂ ಇದೆ. ನಮ್ಮ ಹವಾಮಾನ ಉಪಗ್ರಹ ಮೆಟ್‌ಸ್ಯಾಟ್ ದುರಂತವಾದ ಕೆಲವೇ ದಿನಕ್ಕೆ ಕಲ್ಪನಾ-1 ಆಯಿತು. ಅದು ಸರ್ಕಾರದ ತೀರ್ಮಾನ, ಒಂದು ಘೋಷಣೆಯಿಂದ ಮುಗಿಯಿತು. ವಾಟ್ಸಾಪ್ ಸಂದೇಶಗಳಲ್ಲಿ ಇವೆಲ್ಲ ಕಲಸಿಹೋಗಿವೆ.

ವಿದ್ಯಾರ್ಥಿಗಳ ಸರ್ಟಿಫಿಕೇಟ್, ಮಾರಾಟದ ನಕ್ಷತ್ರ

ದೊಡ್ಡ ದೂರದರ್ಶಕಗಳ ಚಿತ್ರಗಳನ್ನು ಶಾಲಾ ಕಾಲೇಜು ಮಕ್ಕಳಿಗೆ ಕೊಟ್ಟು ಜರುಗುವ ಚುಕ್ಕಿ ಹುಡುಕಿಸುವ ಅಂತರರಾಷ್ಟ್ರೀಯ ಅಭಿಯಾನಗಳಿವೆ. ಭಾರತದ ಮಕ್ಕಳು ಇದರಲ್ಲಿ ಚೆನ್ನಾಗಿ ಪಾಲ್ಗೊಳ್ಳುತ್ತಾರೆ. ಸಿಗುವ ಸರ್ಟಿಫಿಕೇಟ್‌ನಲ್ಲಿ 'ಪ್ರಾಥಮಿಕ ಶೋಧ' ಅಂತಲೋ 'ತಾತ್ಕಾಲಿಕ' ಅಂತಲೋ ಬರೆದಿರುತ್ತದೆ. ಅದರರ್ಥ ಮೊದಲ ಮೆಟ್ಟಿಲು ದಾಟಿದೆ ಎಂದು. ಆ ಚುಕ್ಕಿ ಮುಂದೆ ಮತ್ತೆ ಸಿಗದೇ ಹೋಗಬಹುದು. ಹಳೆಯ ಯಾವುದೋ ಕ್ಷುದ್ರಗ್ರಹವೇ ಎಂದು ಪತ್ತೆಯಾಗಬಹುದು. ಎಲ್ಲ ಸರಿಯಾದರೂ ಸಂಖ್ಯೆ ಬರಲು ಹಲವು ವರ್ಷ. 'ನಾಸಾ ನಮ್ಮ ಹುಡುಗಿಗೆ ಹೆಸರಿಡುವ ಹಕ್ಕು ಕೊಟ್ಟಿತು' ಎಂಬ ತಲೆಬರಹ ಆ ವರ್ಷಗಳನ್ನೆಲ್ಲ ನುಂಗಿಬಿಡುತ್ತದೆ. ಮಗುವಿನ ಶ್ರಮ ಕಡಿಮೆಯಲ್ಲ, ತಪ್ಪು ತಲೆಬರಹದ್ದು.

ವಿಜ್ಞಾನ ಸ್ಪರ್ಧೆಗಳಲ್ಲಿ ಗೆದ್ದ ಮಕ್ಕಳ ಹೆಸರನ್ನು ಕ್ಷುದ್ರಗ್ರಹಕ್ಕೆ ಇಡುವ ಪದ್ಧತಿ ಬೇರೆಯೇ. ಅಮೆರಿಕದ ಲಿಂಕನ್ ಪ್ರಯೋಗಾಲಯ ತಾನು ಕಂಡುಹಿಡಿದ ಸಾವಿರಾರು ಕ್ಷುದ್ರಗ್ರಹಗಳಲ್ಲಿ ಕೆಲವನ್ನು ಇದಕ್ಕೆ ಬಿಟ್ಟುಕೊಟ್ಟಿತ್ತು. ಆ ಮಕ್ಕಳು ಕಲ್ಲನ್ನು ಕಂಡವರಲ್ಲ, ಆದರೆ ಹೆಸರು ಪೂರ್ತಿ ಅಧಿಕೃತ.

ನಕ್ಷತ್ರ ಮಾರುವವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಖಗೋಳ ಒಕ್ಕೂಟ ಯಾವ ಹೆಸರನ್ನೂ ಮಾರುವುದಿಲ್ಲ, ಮಾರಿದ ಹೆಸರನ್ನು ಮಾನ್ಯ ಮಾಡುವುದೂ ಇಲ್ಲ. ಚೆಂದದ ಕಾಗದ ಬರುತ್ತದೆ, ಗೋಡೆಗೆ ಹಾಕಿಕೊಳ್ಳಬಹುದು, ಅಷ್ಟೇ. ನಿಜವಾಗಿ ನಕ್ಷತ್ರಕ್ಕೆ ಹೆಸರು ಬಂದ ಉದಾಹರಣೆ ಬೇಕಿದ್ದರೆ 2019ರದು ಇದೆ. ಒಕ್ಕೂಟವೇ ನಡೆಸಿದ ಸ್ಪರ್ಧೆಯಲ್ಲಿ ಭಾರತದ ಪಾಲಿಗೆ ಬಂದ ಒಂದು ನಕ್ಷತ್ರಕ್ಕೆ ಭೌತವಿಜ್ಞಾನಿ ಬಿಭಾ ಚೌಧುರಿ ಅವರ ನೆನಪಿಗೆ 'ಬಿಭಾ' ಎಂದು ಹೆಸರಾಯಿತು. ಅದಕ್ಕೆ ಯಾರೂ ದುಡ್ಡು ಕೊಡಲಿಲ್ಲ.

ಗೌರವ ಅಗ್ಗವಾಯಿತೇ?

25 ಸಾವಿರ ಹೆಸರು ಅಂದಮೇಲೆ ಇದರಲ್ಲಿ ಗೌರವ ಏನು ಬಂತು ಎಂದು ಕೇಳುವವರಿದ್ದಾರೆ. ಗಗಾರಿನ್ ಇರುವ ಪಟ್ಟಿಯಲ್ಲೇ ಬೀಟಲ್ಸ್ ಗಾಯಕರು ಒಬ್ಬೊಬ್ಬರಾಗಿ ಇದ್ದಾರೆ, ಬೆಕ್ಕೂ ಇದೆ. ಎದುರು ವಾದವೂ ಗಟ್ಟಿಯಾಗಿಯೇ ಇದೆ. ರಸ್ತೆ, ವೃತ್ತ, ರೈಲುಗಳ ಸಂಖ್ಯೆ ಕಡಿಮೆ. ಒಬ್ಬರಿಗೆ ಕೊಡಬೇಕೆಂದರೆ ಇನ್ನೊಬ್ಬರಿಂದ ಕಿತ್ತುಕೊಳ್ಳಬೇಕು. ಕ್ಷುದ್ರಗ್ರಹ ಲಕ್ಷಗಟ್ಟಲೆ ಇರುವುದರಿಂದ ಯಾರ ಹೆಸರನ್ನೂ ಅಳಿಸಬೇಕಿಲ್ಲ. ಶಾಲೆಯ ಮೇಷ್ಟ್ರಿಗೂ ಜಾಗವಿದೆ.

ಹೆಚ್ಚು ತೂಕದ ದೂರು ಬೇರೆಯದು. ಹೆಸರಿಡುವ ಹಕ್ಕು ಶೋಧಕರಿಗೆ ಹೋಗುವುದರಿಂದ, ದೂರದರ್ಶಕ ಎಲ್ಲಿ ಹೆಚ್ಚೋ ಅಲ್ಲಿನ ಹೆಸರುಗಳೇ ಹೆಚ್ಚು. ಭಾರತದ ಕಥೆ ನೋಡಿ. 1861ರಲ್ಲಿ ಮದ್ರಾಸ್ ವೀಕ್ಷಣಾಲಯದಿಂದ ನಾರ್ಮನ್ ಪಾಗ್ಸನ್ 67ನೇ ಕ್ಷುದ್ರಗ್ರಹ ಕಂಡು ಅದಕ್ಕೆ 'ಏಷ್ಯಾ' ಎಂದರು. ಆಮೇಲೆ ಇನ್ನೂ ಕೆಲವು ಸಿಕ್ಕವು. ಅದಾದ ಮೇಲೆ ಒಂದು ಶತಮಾನಕ್ಕೂ ಮೀರಿ ಈ ನೆಲದಿಂದ ಒಂದೂ ಇಲ್ಲ. 1988ರಲ್ಲಿ ತಮಿಳುನಾಡಿನ ಕಾವಲೂರಿನಲ್ಲಿ ಆರ್. ರಾಜಮೋಹನ್ ಕಂಡ 4130ಕ್ಕೆ ಗಣಿತಜ್ಞ ರಾಮಾನುಜನ್ ಹೆಸರು ಬಂತು. ಆ ವೀಕ್ಷಣಾಲಯ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು. ಕಲ್ಪನಾ ಅವರ ಹೆಸರೂ ಸೇರಿ ನಮ್ಮವರ ಎಷ್ಟೋ ಹೆಸರುಗಳು ಬೇರೆ ದೇಶದವರು ಕಂಡ ಕಲ್ಲುಗಳ ಮೇಲಿವೆ. ಅವರು ಪ್ರೀತಿಯಿಂದಲೇ ಇಟ್ಟಿದ್ದಾರೆ, ತಕರಾರಿಲ್ಲ. ಆದರೆ ಕನ್ನಡದ ಹೆಸರು ಯಾಕೆ ಕಡಿಮೆ ಎಂದು ಕೇಳುವವರು ನಿಯಮವನ್ನು ಬೈದು ಪ್ರಯೋಜನವಿಲ್ಲ. ನಾವು ಎಷ್ಟು ರಾತ್ರಿ ಆಕಾಶ ಹುಡುಕಿದ್ದೇವೆ ಎನ್ನುವುದೇ ಉತ್ತರ.

ಮುಂದೇನು?

ಚಿಲಿಯ ವೇರಾ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ಹೊರಬಿಟ್ಟಿತು. ಸುಮಾರು ಹತ್ತು ಗಂಟೆಗಳ ವೀಕ್ಷಣೆಯಲ್ಲೇ 2,104 ಹೊಸ ಕ್ಷುದ್ರಗ್ರಹಗಳು ಸಿಕ್ಕಿದ್ದವು. ಮುಂದಿನ ವರ್ಷಗಳಲ್ಲಿ ಲಕ್ಷಗಟ್ಟಲೆ ಸೇರಲಿವೆ. ಯಂತ್ರವೇ ಚಿತ್ರ ತೆಗೆದು, ಯಂತ್ರವೇ ಚುಕ್ಕಿ ಹಿಡಿಯುವಾಗ ಶೋಧಕರು ಎಂದರೆ ಯಾರು ಎಂಬ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ. ಒಂದು ತಂಡ ಒಮ್ಮೆಗೇ ರಾಶಿ ಹೆಸರು ಕಳುಹಿಸದಂತೆ ಮಿತಿ ಇರುವುದರಿಂದ, ಹೆಸರಿಲ್ಲದ ಕಲ್ಲುಗಳ ಸಾಲು ಬೆಳೆಯುತ್ತಲೇ ಹೋಗುತ್ತದೆ. ಹವ್ಯಾಸಿಗಳು, ಶಾಲಾ ಮಕ್ಕಳಿಗೆ ಹೊಸ ಕಲ್ಲು ಸಿಗುವುದು ಕಷ್ಟವಾಗಬಹುದು. ಅದೇ ಹೊತ್ತಿಗೆ, ಹತ್ತು ವರ್ಷ ದಾಟಿ ಹಕ್ಕು ಮುಗಿದ ಸಂಖ್ಯೆಗಳು ಬೇರೆಯವರ ಸೂಚನೆಗೆ ಸಿಗುವುದು ಜಾಸ್ತಿಯಾಗುತ್ತದೆ.

ಮೈಸೂರಿಗೆ ಇದರಲ್ಲಿ ಒಂದು ಎಳೆ ಇದೆ. ಗಗನಯಾನದ ಊಟ ಸಿದ್ಧವಾಗುತ್ತಿರುವುದು ಇಲ್ಲಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದಲ್ಲಿ. ಆ ಯಾನಕ್ಕೆ ಆಯ್ಕೆಯಾದ ನಾಲ್ವರು ಪ್ರಶಾಂತ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್, ಶುಭಾಂಶು ಶುಕ್ಲಾ. ಎಲ್ಲರೂ ವಾಯುಪಡೆಯವರು. ಶುಕ್ಲಾ 2025ರ ಜೂನ್‌ನಲ್ಲೇ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಜುಲೈನಲ್ಲಿ ಮರಳಿದರು. ಇವರಲ್ಲಿ ಯಾರ ಹೆಸರಾದರೂ ಮುಂದೆ ಪಟ್ಟಿಗೆ ಸೇರಲು ನೂರು ವರ್ಷದ ನಿಯಮ ಅಡ್ಡ ಬರುವುದಿಲ್ಲ. ದೆಹಲಿಯ ಒಪ್ಪಿಗೆಯೂ ಬೇಕಿಲ್ಲ. ಸಂಖ್ಯೆ ಪಡೆದ ಒಂದು ಕ್ಷುದ್ರಗ್ರಹ ಕೈಯಲ್ಲಿರುವ ಶೋಧಕರು ಸೂಚಿಸಬೇಕು, ಸಮಿತಿ ಒಪ್ಪಬೇಕು.

ಅಂಥ ಸುದ್ದಿ ಬಂದ ದಿನ ನಿಜವೋ ಸುಳ್ಳೋ ನೋಡಲು ಒಂದೇ ಕೆಲಸ ಮಾಡಿದರೆ ಸಾಕು. ಸಂದೇಶದಲ್ಲಿ ಸಂಖ್ಯೆ ಇದೆಯೇ ನೋಡಿ. ಇಲ್ಲದಿದ್ದರೆ ನಂಬಬೇಡಿ. ಇದ್ದರೆ ಮೈನರ್ ಪ್ಲಾನೆಟ್ ಸೆಂಟರ್‌ನ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿ ಹುಡುಕಿ. ಹೆಸರು, ಕಂಡ ದಿನ, ಕಂಡ ಜಾಗ, ಕಕ್ಷೆ ಎಲ್ಲವೂ ಪುಕ್ಕಟೆ ಸಿಗುತ್ತವೆ.